ಬೇಸಿಗೆ ಶಿಬಿರದ ಅಕ್ಕಂದಿರು

ಏಪ್ರಿಲ್ ಬಂತೆಂದರೆ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯೇ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಬಾಗಿಲು ತೆಗೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಬಿಸಿಲು ಎಂಥದ್ದೆಂದು ಹೊರಗಿನವರಿಗೆ ತಿಳಿಸಲು ಆ ಒಂದು ಆದೇಶ ಸಾಕು. ದೊಡ್ಡವರಿಗೆ ಹೀಗೊಂದು ಅನುಕೂಲ ಮಾಡಿಕೊಟ್ಟೆವು. ಮಕ್ಕಳಿಗೇನು ಮಾಡಿದೆವು? ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗೆ ಬೀಗ. ಕೆಲವು ಮಕ್ಕಳು ಅಜ್ಜಿಯ ಊರಿಗೆ ಹೋಗುತ್ತವೆ. ಕೆಲವು ಆಡು ಕುರಿಗಳ ಹಿಂದೆ ಅಡವಿಗೆ ಹೋಗುತ್ತವೆ. ಕೆಲವು ಅವ್ವ ಅಪ್ಪನ ಜೊತೆ ಗುಳೆ ಹೋಗಿ ಬೆಂಗಳೂರಿನಲ್ಲೋ ಪುಣೆಯಲ್ಲೋ ಕಟ್ಟಡದ ಕೆಲಸ ನಡೆಯುವ ಜಾಗದಲ್ಲಿ ಮರಳ ಗುಡ್ಡೆಯ ಮೇಲೆ ಆಡಿಕೊಂಡಿರುತ್ತವೆ. ಇವೆಲ್ಲವನ್ನೂ ಬಿಟ್ಟು ಬೇಸಿಗೆಗೆ ಇನ್ನೊಂದು ದಾರಿ ಇದೆ. ಅದೇ ಬೇಸಿಗೆ ಶಿಬಿರ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ.

ನಾನು ಮೊದಲು ಶಿಬಿರಕ್ಕೆ ಹೋದದ್ದು ಹುಡುಗಿಯಾಗಿ. ಆಮೇಲೆ ಅಲ್ಲಿಯ ಸಣ್ಣ ಮಕ್ಕಳಿಗೆ ಅಕ್ಕ ಆದೆ. ಮುಂದೆ ಟೀಚರ್ ಆಗಿ ಶಿಬಿರ ನಡೆಸಿದೆ. ಮಕ್ಕಳ ಮುಂದೆ ನಿಂತು ನಾನು ಮಾಡುವ ಕೆಲಸದಲ್ಲಿ ಬಹುಪಾಲನ್ನು ಟಿ.ಸಿ.ಎಚ್. ತರಬೇತಿಯಲ್ಲಿ ಕಲಿತದ್ದಲ್ಲ. ಆ ಬೇಸಿಗೆಗಳಲ್ಲಿ ಕಲಿತದ್ದು.

ಆಗ ಯಾದಗಿರಿ ಇನ್ನೂ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. ನಾನು ಏಳನೇ ಕ್ಲಾಸು. ನಮ್ಮ ಶಾಲೆಯ ಅಕ್ಕೋರು, ಅಂದರೆ ಟೀಚರ್, ಒಬ್ಬರು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ತರಬೇತಿ ಪಡೆದು ಬಂದವರು. ಹೆಣ್ಣುಮಕ್ಕಳ ಒಂದು ಗೈಡ್ ದಳ ಕಟ್ಟಿ, ಬೇಸಿಗೆಯಲ್ಲಿ ಶಿಬಿರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರು. ಸುರಪುರದಂಥ ಊರಿನಲ್ಲಿ ಅದು ಸಣ್ಣ ಮಾತಲ್ಲ. ನಮ್ಮಜ್ಜಿ ಕೇಳಿದ ಮೊದಲ ಪ್ರಶ್ನೆ, "ಹೆಣ್ಣು ಹುಡುಗಿ ಪರ ಊರಾಗ ರಾತ್ರಿ ಮಲಗೋದಾ?" ಅಂತ. ಅಕ್ಕೋರು ಮನೆಗೇ ಬಂದರು. ಕಟ್ಟೆಯ ಮೇಲೆ ಕುಳಿತು, ಅಜ್ಜಿ ಕೊಟ್ಟ ಚಹಾ ಕುಡಿದು, "ನಿಮ್ಮ ಮೊಮ್ಮಗಳು ನನ್ನ ಪಕ್ಕಕ್ಕs ಮಲಗ್ತಾಳವ್ವ, ನೀವು ಚಿಂತಿ ಮಾಡಬ್ಯಾಡ್ರಿ" ಎಂದರು. ಹಾಗೆ ಅವರು ಎಷ್ಟು ಮನೆಗಳ ಕಟ್ಟೆ ಹತ್ತಿರಬೇಕೋ! ನಮ್ಮ ಕಡೆ ಹೆಣ್ಣುಮಕ್ಕಳ ಶಿಬಿರ ಶುರುವಾಗುವುದು ಮೈದಾನದಲ್ಲಲ್ಲ, ಮನೆಯ ಕಟ್ಟೆಯ ಮೇಲೆ. ಇವತ್ತಿಗೂ ಹಾಗೆಯೇ.

ಶಿಬಿರ ಇದ್ದದ್ದು ಭೀಮರಾಯನಗುಡಿಯ ಹತ್ತಿರ, ಒಂದು ಶಾಲೆಯಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಕಚೇರಿಗಳಿರುವ ಊರು ಅದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿದು, ಕಾಲುವೆಯ ನೀರು ಎರೆಹೊಲಗಳಿಗೆ ಆಗ ಹೊಸದಾಗಿ ಬರುತ್ತಿದ್ದ ಕಾಲ. ಕಾಲೊನಿಯಲ್ಲಿ ಸಾಲು ಮರಗಳಿದ್ದವು. ಸುರಪುರದ ಕಲ್ಲುಗುಡ್ಡಗಳ ನಡುವೆ ಬೆಳೆದ ನಮಗೆ ಆ ನೆರಳನ್ನು ಕಂಡೇ ಸಂತೋಷ. ಶಹಾಪುರದ ಬೆಟ್ಟಸಾಲು ಅಲ್ಲಿಂದ ದೂರವಲ್ಲ. ಈಗ ಎಲ್ಲರೂ ಮಲಗಿದ ಬುದ್ಧ ಎಂದು ಕರೆಯುವ ಬೆಟ್ಟ ಅದೇ. ಹಣೆ, ಮೂಗು, ಗದ್ದ, ಎದೆ ಎಲ್ಲ ಬೇರೆ ಬೇರೆ ಗುಡ್ಡಗಳು. ರಸ್ತೆಯ ಒಂದು ಕಡೆ ನಿಂತು ನೋಡಿದರೆ ಒಂದೇ ಮೈಯಾಗಿ ಕಾಣುತ್ತವೆ.

ಗೈಡ್ ದಳಗಳಿಗೆ ಹೂವಿನ ಹೆಸರು ಇಡುತ್ತಾರೆ. ನಮ್ಮದು ಸೂರ್ಯಕಾಂತಿ ದಳ. ದಳಕ್ಕೊಬ್ಬಳು ಅಕ್ಕ. ನಮ್ಮ ಅಕ್ಕ ಎಸ್ಸೆಸ್ಸೆಲ್ಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿದ್ದ ಹುಡುಗಿ. ಎರಡು ಮೂರು ವರ್ಷದ ಹಿಂದೆ ಅವಳೂ ನಮ್ಮ ಹಾಗೆ ತಟ್ಟೆ, ಲೋಟ, ಜಮಖಾನೆ ಕಟ್ಟಿಕೊಂಡು ಬಂದವಳೇ. ಹಾಗಾಗಿ ಯಾವ ನಲ್ಲಿಯಲ್ಲಿ ನೀರು ಮೊದಲು ಬರುತ್ತದೆ, ಯಾವ ಗೋಡೆಯ ಬದಿಗೆ ಮಲಗಿದರೆ ಗಾಳಿ ಸಿಗುತ್ತದೆ, ಯಾವ ಅಕ್ಕೋರಿಗೆ ಸಿಟ್ಟು ಜಾಸ್ತಿ, ಎಲ್ಲ ಅವಳಿಗೆ ಗೊತ್ತು. ದೊಡ್ಡವರು ಹತ್ತು ಸಲ ಹೇಳಿದರೂ ಕಿವಿಗೆ ಬೀಳದ ಮಾತು ಅವಳು ಒಂದು ಸಲ ಹೇಳಿದರೆ ನಡೆಯುತ್ತಿತ್ತು. ಅವಳ ಹಾಗೆ ಆಗಬೇಕು ಎಂಬ ಆಸೆ ನನಗೆ ಹುಟ್ಟಿದ್ದು ಆಗಲೇ.

ನಸುಕಿನಲ್ಲಿ ಸೀಟಿ. ಬಿಸಿಲೇರುವ ಮೊದಲು ವ್ಯಾಯಾಮ, ಅಂಗಳ ಗುಡಿಸುವುದು, ಧ್ವಜವಂದನೆ. ಎಡಗೈ ಕುಲುಕಿ ನಮಸ್ಕಾರ ಹೇಳುವ ಪದ್ಧತಿ ನಮಗೆ ಬಹಳ ವಿಚಿತ್ರ ಅನ್ನಿಸಿತ್ತು. ಎಡಗೈ ಚಾಚಿದರೆ ಮನೆಯಲ್ಲಿ ಬೈಗುಳ ಬೀಳುತ್ತಿತ್ತಲ್ಲ! ಆಮೇಲೆ ಗಂಟು ಕಟ್ಟುವ ಪಾಠ. ರೀಫ್ ನಾಟ್, ಕ್ಲೋವ್ ಹಿಚ್ ಎಂದು ಪುಸ್ತಕದಲ್ಲಿ ಚಿತ್ರಗಳಿದ್ದವು. ಕುರುಬರ ಮನೆಯ ಒಬ್ಬ ಹುಡುಗಿ ಚಿತ್ರ ನೋಡಿ, "ಇದು ಆಡಿಗೆ ಹಾಕೋ ಗಂಟು ಅಲ್ಲೇನ್ರಿ ಅಕ್ಕೋರೆ?" ಎಂದಳು. ಬಾವಿಯ ಹಗ್ಗಕ್ಕೆ ಕೊಡ ಕಟ್ಟುವ ಗಂಟು, ಹೊರೆ ಬಿಗಿಯುವ ಗಂಟು, ಕುರಿಮರಿಯ ಕೊರಳು ಬಿಗಿಯದ ಹಾಗೆ ಹಾಕುವ ಗಂಟು, ಎಲ್ಲ ಅವಳ ಬೆರಳಲ್ಲಿ ಇದ್ದವು. ಅಕ್ಕೋರು ಪುಸ್ತಕ ಮುಚ್ಚಿಟ್ಟು ಅವಳನ್ನೇ ಎದುರಿಗೆ ನಿಲ್ಲಿಸಿದರು. ತರಗತಿಯಲ್ಲಿ ಬಾಯಿ ಬಿಡದೆ ಕೊನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿ ಆ ದಿನ ನಮ್ಮೆಲ್ಲರಿಗೂ ಗುರು. ಒಬ್ಬ ಶಿಕ್ಷಕಿ ಎಂಥವಳಿರಬೇಕು ಎಂದು ನನಗೆ ತಿಳಿದದ್ದು ಆ ಗಳಿಗೆಯಲ್ಲಿ.

ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿರಲಿಲ್ಲ. ಕೋಣೆಯೊಳಗೆ ನೆಲಕ್ಕೆ ನೀರು ಚಿಮುಕಿಸಿ ಕೂತು ಅಳಗುಳಿಮಣೆ, ಹುಲಿಕುರಿ ಆಟ, ಕಸೂತಿ, ಕಥೆ. ಈ ಮಧ್ಯಾಹ್ನಗಳು ನನಗೆ ಬಹಳ ಪ್ರೀತಿಯವು. ಸಂಜೆಯ ಖೋಖೋದಲ್ಲಿ ಗೆದ್ದವರು ಯಾರೆಂದು ಈಗ ನೆನಪಿಲ್ಲ. ಆ ಬಿಸಿಲ ಹೊತ್ತಿನಲ್ಲಿ ಯಾರು ಯಾವ ಕಥೆ ಹೇಳಿದರು ಎಂಬುದು ನೆನಪಿದೆ. ನಮ್ಮ ಕಡೆಯ ಸಂತರಾದ ತಿಂಥಣಿಯ ಮೌನಪ್ಪಯ್ಯನ ಪವಾಡಗಳು, ಕೊಡೇಕಲ್ಲ ಬಸವಣ್ಣನ ಮಾತುಗಳು, ಸುರಪುರದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಇಂಗ್ಲಿಷರ ಎದುರು ನಿಂತ ಕಥೆ. ಪಠ್ಯಪುಸ್ತಕದಲ್ಲಿ ಆಗ ಇವ್ಯಾವುವೂ ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ. ವೆಂಕಟಪ್ಪ ನಾಯಕನನ್ನು ಚಿಕ್ಕಂದಿನಿಂದ ಬಲ್ಲ ಮೆಡೋಸ್ ಟೇಲರ್ ಎಂಬ ಇಂಗ್ಲಿಷ್ ಅಧಿಕಾರಿ ಸುರಪುರದಲ್ಲೇ ವರ್ಷಗಟ್ಟಲೆ ಇದ್ದ. ಆತ ಕಟ್ಟಿಸಿಕೊಂಡ ಬಂಗಲೆ ಇವತ್ತಿಗೂ ಗುಡ್ಡದ ಮೇಲಿದೆ. ದಿನಾ ಕಣ್ಣಿಗೆ ಬೀಳುತ್ತಿದ್ದ ಆ ಕಟ್ಟಡದೊಳಗೆ ಇಷ್ಟೊಂದು ಕಥೆ ಇದೆಯೆಂದು ಸುರಪುರದ ಹುಡುಗಿಗೆ ಗೊತ್ತಾದದ್ದು ಭೀಮರಾಯನಗುಡಿಯಲ್ಲಿ.

ಊಟದ ಮಾತನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮೊದಲ ದಿನ ಎಲ್ಲರೂ ಮನೆಯಿಂದ ಬುತ್ತಿ ತಂದಿದ್ದೆವು. ಬಿಳಿಜೋಳದ ಕಟಿರೊಟ್ಟಿ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಯ, ಗುರುಮಠಕಲ್ ಕಡೆಯ ಹುಡುಗಿ ತಂದ ಚಿತ್ರಾನ್ನ. ಅಕ್ಕೋರು ಎಲ್ಲರ ಗಂಟನ್ನೂ ಬಿಚ್ಚಿಸಿ ಒಂದು ದೊಡ್ಡ ಬಟ್ಟೆಯ ಮೇಲೆ ರಾಶಿ ಹಾಕಿಸಿದರು. ಯಾರ ರೊಟ್ಟಿ ಯಾರದೆಂದು ಗುರುತು ಹತ್ತದ ಹಾಗೆ ಬೆರೆಸಿ ಬಡಿಸಿದರು. ಮರುದಿನದಿಂದ ನೀರು ಸೇದುವ ಪಾಳಿ ಒಂದೊಂದು ದಳಕ್ಕೆ. ನಮ್ಮ ಊರಲ್ಲಿ ಬಾವಿ ಯಾರದು, ಕೊಡ ಯಾರದು ಎಂದು ಕೇಳಿಯೇ ನೀರು ಕುಡಿಯುವ ಕಾಲ ಅದು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಕಪ್ಪು ಬಸಿ ಇಡುತ್ತಿದ್ದರು. ಶಿಬಿರದಲ್ಲಿ ಒಂದೇ ಹಂಡೆ, ಒಂದೇ ಲೋಟ. ನನ್ನ ಪಕ್ಕದ ಹುಡುಗಿ ಒಂದು ಕ್ಷಣ ಲೋಟ ಹಿಡಿದು ಸುಮ್ಮನೆ ಕೂತಳು. ಆಮೇಲೆ ನೀರು ಕುಡಿದು ನನ್ನ ಕಿವಿಯಲ್ಲಿ, "ನಮ್ಮ ಮನ್ಯಾಗ ಹೇಳಬ್ಯಾಡ" ಎಂದಳು. ನಾನು ಹೇಳಲಿಲ್ಲ. ಅದೇ ಹುಡುಗಿ ಕೊನೆಯ ದಿನ, ಆ ಲೋಟ ಹಂಚಿಕೊಂಡ ಗೆಳತಿಯ ಮಡಿಲಲ್ಲಿ ತಲೆಯಿಟ್ಟು ಅತ್ತಳು. ಸಮಾನತೆಯ ಮೇಲೆ ಎಷ್ಟೋ ಭಾಷಣ ಕೇಳಿದ್ದೇನೆ, ಮಾಡಿಯೂ ಇದ್ದೇನೆ. ಕೂಡಿ ನೀರು ಸೇದಿ ಕೂಡಿ ಉಂಡ ಒಂದು ವಾರ ಮಾಡುವ ಕೆಲಸವನ್ನು ಆ ಭಾಷಣಗಳು ಮಾಡಿದ್ದನ್ನು ನಾನು ಕಂಡಿಲ್ಲ.

ರಾತ್ರಿ ಕ್ಯಾಂಪ್ ಫೈರ್. ಬೇಸಿಗೆಯಲ್ಲಿ ಬೆಂಕಿ ಯಾತಕ್ಕೆಂದು ನೀವು ಕೇಳಬಹುದು. ಬೆಂಕಿ ಸಣ್ಣದೇ, ಸುತ್ತಲಿನ ಸಾಲು ದೊಡ್ಡದು. ಯಾದಗಿರಿ, ಶಹಾಪುರ, ಸುರಪುರ, ಆಗಿನ ನಮ್ಮ ಈ ಮೂರು ತಾಲೂಕಿನ ಮಕ್ಕಳು ಒಂದೆಡೆ ಕೂತರೆ ಎಷ್ಟು ಭಾಷೆ ಕೂಡುತ್ತವೆ ನೋಡಿ. ತಾಂಡಾದ ಹುಡುಗಿಯರು ಲಂಬಾಣಿ ಹಾಡು ಹಾಡಿ ಕುಣಿದರು. ಗುರುಮಠಕಲ್ ಕಡೆಯವರದು ತೆಲುಗು. ರಂಗಂಪೇಟೆಯ ಹುಡುಗಿ ತನ್ನಜ್ಜಿ ಮದುವೆ ಮನೆಯಲ್ಲಿ ಹೇಳುತ್ತಿದ್ದ ಉರ್ದು ಹಾಡು ಹಾಡಿದಳು. ನಮ್ಮವರದು ಬೀಸುವ ಪದ, ಸೋಬಾನೆ, ಬಯಲಾಟದ ಮಾತು. ಅರ್ಥ ತಿಳಿಯದ ಹಾಡಿಗೂ ತಾಳ ಹಾಕುವುದನ್ನು ನಾವು ಕಲಿತದ್ದು ಅಲ್ಲಿ. ಲಂಬಾಣಿ ಹಾಡೊಂದನ್ನು ನಾನು ಅಲ್ಲೇ ಪೂರ್ತಿ ಕಲಿತು, ಮುಂದೆ ಟೀಚರ್ ಆದ ಮೇಲೆ ತಾಂಡಾದ ಶಾಲೆಯಲ್ಲಿ ಹಾಡಿದಾಗ ಒಂದನೇ ಕ್ಲಾಸಿನ ಮಕ್ಕಳು ಎದ್ದು ಬಂದು ನನ್ನ ಸೀರೆ ಸೆರಗು ಹಿಡಿದು ನಿಂತವು.

ಶಿಬಿರ ಎನ್ನುವುದು ಬೇರೆ ಕಡೆ ಹೇಗೆ ಬೇರು ಬಿಟ್ಟಿದೆ ಎಂದು ಆಮೇಲೆ ಓದಿ ತಿಳಿದುಕೊಂಡೆ. ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ 20ರಷ್ಟು ಹುಡುಗರನ್ನು ಕರೆದೊಯ್ದು ಮೊದಲ ಸ್ಕೌಟ್ ಶಿಬಿರ ನಡೆಸಿದಾಗ, ಅದರಲ್ಲಿ ಸಿರಿವಂತರ ಶಾಲೆಯವರೂ ಇದ್ದರು, ಕೂಲಿಕಾರರ ಮನೆಯವರೂ ಇದ್ದರು. ಬೇಕೆಂದೇ ಹಾಗೆ ಬೆರೆಸಿದ್ದ. ನಮ್ಮ ದೇಶದಲ್ಲಿ ಮೊದಲ ಸ್ಕೌಟ್ ದಳ 1909ರಲ್ಲಿ ಬೆಂಗಳೂರಿನಲ್ಲೇ ಶುರುವಾಯಿತು. ಆದರೆ ಅದರಲ್ಲಿ ಭಾರತೀಯ ಮಕ್ಕಳಿಗೆ ಜಾಗವಿರಲಿಲ್ಲ. ಆಮೇಲೆ ಆನಿ ಬೆಸೆಂಟರು ನಮ್ಮ ಮಕ್ಕಳಿಗಾಗಿಯೇ ಬೇರೆ ಸಂಘ ಕಟ್ಟಿದರು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಕೂಡಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯಿತು. ನಮ್ಮ ರಾಜ್ಯದಲ್ಲಿ ಇದನ್ನು ಬೆಳೆಸಿದ ಕೊಂಡಜ್ಜಿ ಬಸಪ್ಪನವರ ಊರಾದ ಕೊಂಡಜ್ಜಿಯಲ್ಲಿ ಕೆರೆಯ ದಂಡೆಗೆ ಇವತ್ತಿಗೂ ತರಬೇತಿ ಕೇಂದ್ರ ಇದೆ.

ನನ್ನ ಮನಸ್ಸನ್ನು ಹೆಚ್ಚು ಸೆಳೆದದ್ದು ಅಮೆರಿಕದ ಯೆಹೂದಿ ಜನರ ಬೇಸಿಗೆ ಶಿಬಿರಗಳು. ನ್ಯೂಯಾರ್ಕಿನ ಇಕ್ಕಟ್ಟಾದ ಬಾಡಿಗೆ ಕೋಣೆಗಳಲ್ಲಿ ಬೆಳೆಯುತ್ತಿದ್ದ ಬಡ ವಲಸಿಗರ ಹುಡುಗರಿಗೆ ಗಾಳಿ ಬೆಳಕು ಸಿಗಲೆಂದು 1902ರಲ್ಲಿ ಸರ್‌ಪ್ರೈಸ್ ಲೇಕ್ ಎಂಬ ಶಿಬಿರ ಶುರುವಾಯಿತು. 1947ರಲ್ಲಿ ವಿಸ್ಕಾನ್ಸಿನ್ ಕಾಡಿನಲ್ಲಿ ಶುರುವಾದ ರಾಮಾ ಶಿಬಿರದಲ್ಲಿ ಮಕ್ಕಳು ಆಟಕ್ಕೂ ಊಟಕ್ಕೂ ಹೀಬ್ರೂ ಮಾತಾಡಬೇಕೆಂದು ಮಾಡಿದರು. ಪ್ರಾರ್ಥನೆಯ ಭಾಷೆ, ಮನೆಯಲ್ಲಿ ಮರೆತುಹೋಗುತ್ತಿದ್ದ ಹಾಡು, ಶುಕ್ರವಾರ ಸಂಜೆಯ ಸಬ್ಬತ್ತಿನ ಊಟ, ಇವನ್ನೆಲ್ಲ ಬೇಸಿಗೆಯ ಕೆಲವು ವಾರಗಳಲ್ಲಿ ಮಕ್ಕಳ ಮೈಗೆ ಹತ್ತಿಸಿದರು. ಅದನ್ನು ನಡೆಸುವವರು ದೊಡ್ಡ ಪಂಡಿತರಲ್ಲ. ಹೋದ ವರ್ಷ ಶಿಬಿರಾರ್ಥಿಯಾಗಿದ್ದ ಹದಿನೆಂಟು ಇಪ್ಪತ್ತರ ಹುಡುಗ ಹುಡುಗಿಯರೇ ಈ ವರ್ಷ ಸಣ್ಣವರ ಕೋಣೆಗೆ ಅಣ್ಣ, ಅಕ್ಕ. ಒಂದು ಮನೆತನದ ಮೂರು ತಲೆಮಾರು ಒಂದೇ ಶಿಬಿರಕ್ಕೆ ಹೋಗಿ ಬಂದದ್ದೂ ಉಂಟು. ನನ್ನ ಸೂರ್ಯಕಾಂತಿ ದಳದ ಅಕ್ಕನ ಮುಖ ಆಗ ಕಣ್ಣ ಮುಂದೆ ಬಂತು. ಎಲ್ಲಿಯ ವಿಸ್ಕಾನ್ಸಿನ್, ಎಲ್ಲಿಯ ಭೀಮರಾಯನಗುಡಿ! ಆದರೆ ಶಿಬಿರ ಬದುಕುವ ಬಗೆ ಒಂದೇ. ಹೆಪ್ಪಿಗೆಂದು ನಿನ್ನೆಯ ಮೊಸರು ತೆಗೆದಿಟ್ಟ ಮನೆಯಲ್ಲಿ ಮಾತ್ರ ನಾಳೆಗೂ ಮೊಸರು ಇರುತ್ತದೆ.

ನಾನು ಅಕ್ಕನಾದ ಬೇಸಿಗೆಗಳ ಮಾತಿಗೆ ಬರುತ್ತೇನೆ. ಶಿಬಿರಾರ್ಥಿಗೆ ಹಗಲು ಮುಖ್ಯ. ಅಕ್ಕನಿಗೆ ರಾತ್ರಿ ಮುಖ್ಯ. ಬೇಸಿಗೆಯಲ್ಲಿ ನಮ್ಮ ಕಡೆ ಚೇಳು ಜಾಸ್ತಿ. ಪ್ರತಿ ಹಾಸಿಗೆ ಕೊಡವಿ, ಚಪ್ಪಲಿ ಬಡಿದು, ಕಂದೀಲು ಹಿಡಿದು ಮೂಲೆ ಮೂಲೆ ನೋಡಿಯೇ ಮಕ್ಕಳನ್ನು ಮಲಗಿಸಬೇಕು. ಮೊದಲ ರಾತ್ರಿ ಮಕ್ಕಳು ಖುಷಿಯಲ್ಲಿ ನಿದ್ದೆ ಮಾಡುವುದಿಲ್ಲ. ಅಳು ಬರುವುದು ಎರಡನೆಯ ರಾತ್ರಿ. ಒಬ್ಬಳು ಶುರು ಮಾಡಿದರೆ ಸಾಲಿನ ತುದಿಯವರೆಗೂ ಹಬ್ಬುತ್ತದೆ. ಅಳಬೇಡ ಎಂದು ಹೇಳಿದರೆ ಪ್ರಯೋಜನವಿಲ್ಲ. "ನಿಮ್ಮ ಮನಿ ಕರು ಈಗ ಎಷ್ಟು ದೊಡ್ಡದಾಗ್ಯಾದ?" ಎಂದು ಕೇಳಬೇಕು. ಕರುವಿನಿಂದ ಹಸುವಿಗೆ, ಹಸುವಿನಿಂದ ಅವ್ವನಿಗೆ, ಅವ್ವ ಮಾಡುವ ಅಡುಗೆಗೆ ಮಾತು ಹರಿದು ಮಗು ಹಾಗೇ ನಿದ್ದೆಗೆ ಜಾರುತ್ತದೆ. ಹಾಸಿಗೆಯಲ್ಲಿ ಒದ್ದೆ ಮಾಡಿಕೊಂಡ ಮಗುವಿನ ಜಮಖಾನೆಯನ್ನು ಉಳಿದವರು ಏಳುವ ಮೊದಲೇ ತೊಳೆದು ಹಾಕಬೇಕು, ಯಾರಿಗೂ ತಿಳಿಯಬಾರದು. ಇದನ್ನೆಲ್ಲ ನನಗೆ ಯಾರೂ ಕೂರಿಸಿ ಹೇಳಿಕೊಡಲಿಲ್ಲ. ನನ್ನ ಅಕ್ಕ ಮಾಡುತ್ತಿದ್ದುದನ್ನು ಅರೆನಿದ್ದೆಯಲ್ಲಿ ನೋಡಿದ್ದೆ.

ನೀರಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಕೃಷ್ಣೆ, ಭೀಮೆ ಎರಡೂ ನದಿಗಳ ಜಿಲ್ಲೆ ನಮ್ಮದು, ಜೊತೆಗೆ ಕಾಲುವೆಗಳು. ಮೇಲಿನಿಂದ ಶಾಂತವಾಗಿ ಕಾಣುವ ಕಾಲುವೆಯ ಒಳಸೆಳೆತ ಮಕ್ಕಳಿಗೆ ತಿಳಿಯುವುದಿಲ್ಲ, ಜಾರುವ ಸಿಮೆಂಟಿನ ಗೋಡೆ ಹಿಡಿದು ಹತ್ತುವುದೂ ಆಗುವುದಿಲ್ಲ. ಪ್ರತಿ ಬೇಸಿಗೆಯಲ್ಲಿ ಎಲ್ಲೋ ಒಂದು ಕಡೆಯಿಂದ ಕೆಟ್ಟ ಸುದ್ದಿ ಬರುತ್ತದೆ. ಎಷ್ಟು ಸೆಖೆ ಇದ್ದರೂ, ಮಕ್ಕಳು ಎಷ್ಟು ಬೇಡಿಕೊಂಡರೂ ಶಿಬಿರದಿಂದ ಕಾಲುವೆಗೆ ಕರೆದೊಯ್ಯಬೇಡಿ. ಮಜ್ಜಿಗೆ ಕೊಡಿ, ಮಾವಿನಕಾಯಿ ಪಾನಕ ಕೊಡಿ, ತಲೆಗೆ ಒದ್ದೆ ಬಟ್ಟೆ ಕಟ್ಟಿ. ಕಾಲುವೆ ಬೇಡ.

2000ದ ಸುಮಾರಿಗೆ ಸರ್ಕಾರ ಚಿಣ್ಣರ ಅಂಗಳ ಎಂಬ ಕಾರ್ಯಕ್ರಮ ತಂದಿತು. ಶಾಲೆ ಬಿಟ್ಟ ಮಕ್ಕಳನ್ನು, ಶಾಲೆಯ ಮುಖವನ್ನೇ ಕಾಣದ ಮಕ್ಕಳನ್ನು ಬೇಸಿಗೆಯ ಎರಡು ತಿಂಗಳು ಒಂದೆಡೆ ಕೂಡಿಸಿ, ಆಡಿಸುತ್ತ ಓದಿಸಿ, ಜೂನ್‌ನಲ್ಲಿ ಅವರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸುವುದು. ಅಷ್ಟು ಹೊತ್ತಿಗೆ ನಾನು ಸುರಪುರ ತಾಲೂಕಿನಲ್ಲಿ ಶಿಕ್ಷಕಿಯಾಗಿದ್ದೆ. ಗೈಡ್ ಶಿಬಿರಕ್ಕೆ ಬರುವವರು ಹೇಗೂ ಶಾಲೆಯ ಮಕ್ಕಳು. ಇಲ್ಲಿ ಬಂದವರು ಹತ್ತಿ ಹೊಲದಿಂದ ಬಂದವರು, ಕುರಿ ಹಿಂಡಿನಿಂದ ಬಂದವರು, ತಮ್ಮ ತಂಗಿಯನ್ನು ಸೊಂಟದ ಮೇಲೆ ಹೊತ್ತುಕೊಂಡೇ ಬಂದವರು. ಪಾಟಿ ಹಿಡಿದ ಬೆರಳು ಒರಟು. ಸಾಲಾಗಿ ಕೂರುವುದು ಗೊತ್ತಿಲ್ಲ. ಹಾಗಾಗಿ ನಾನು ಮೊದಲ ವಾರ ಅಕ್ಷರ ತೆಗೆಯಲೇ ಇಲ್ಲ. ಗೈಡ್ ಶಿಬಿರದ ಎಲ್ಲವನ್ನೂ ತಂದೆ. ಸೀಟಿ ತಂದೆ, ಹೂವಿನ ಹೆಸರಿನ ದಳ ತಂದೆ, ನೀರಿನ ಪಾಳಿ ತಂದೆ, ರಾತ್ರಿಯ ಹಾಡು ತಂದೆ. ಕುರಿ ಕಾಯುವ ಒಬ್ಬ ಹುಡುಗ ಅಂಕಿ ಬರೆಯಲಾರ. ಆದರೆ ಹಿಂಡು ಕೊಟ್ಟಿಗೆಗೆ ಬರುವಾಗ ಒಂದು ಮರಿ ಕಡಿಮೆಯಾದರೂ ನಿಂತ ಜಾಗದಲ್ಲೇ ಹೇಳುತ್ತಿದ್ದ. ಲೆಕ್ಕ ಅವನೊಳಗೆ ಇದ್ದೇ ಇತ್ತು. ಅದಕ್ಕೊಂದು ಗುರುತು ಕೊಡುವುದಷ್ಟೇ ನನ್ನ ಕೆಲಸವಾಯಿತು.

ಅದೇ ದಶಕದಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್‌ನವರು ಸುರಪುರ ತಾಲೂಕಿನ ಶಾಲೆಗಳಲ್ಲಿ ಕೆಲಸ ಶುರು ಮಾಡಿದರು. ಆಗ ನಡೆದ ಮೆಟ್ರಿಕ್ ಮೇಳಗಳು ನನಗೆ ಬಹಳ ಹಿಡಿಸಿದವು. ಮಕ್ಕಳು ಶಾಲೆಯ ಅಂಗಳದಲ್ಲಿ ತಕ್ಕಡಿ, ಅಳತೆ ಟೇಪು, ಲೀಟರ್ ಪಾತ್ರೆ ಇಟ್ಟುಕೊಂಡು ಕೂರುವುದು, ಊರಿನವರು ಬಂದು ತೂಕ ಎತ್ತರ ಅಳೆಸಿಕೊಳ್ಳುವುದು, ಉಳ್ಳಾಗಡ್ಡಿ ತೂಗಿಸಿಕೊಳ್ಳುವುದು. ಊರ ಗೌಡರನ್ನು ಗೋಡೆಗೆ ನೆಟ್ಟಗೆ ನಿಲ್ಲಿಸಿ, "ತಲಿ ಮ್ಯಾಲ ಮಾಡ್ರಿ, ರುಮಾಲು ತಗೀರಿ" ಎಂದು ಐದನೇ ಕ್ಲಾಸಿನ ಹುಡುಗಿ ಹೇಳುವಾಗ ಅವಳ ದನಿಯಲ್ಲಿದ್ದ ಧೈರ್ಯ ನೋಡಬೇಕಿತ್ತು.

ನನ್ನ ಶಿಬಿರಗಳಲ್ಲಿ ಒಂದು ದಿನದ ಪ್ರವಾಸ ಕಡ್ಡಾಯ. ಮೈಸೂರು, ಹಂಪಿ ಎಂದು ನಾನು ಹೋಗಲಿಲ್ಲ. ಹುಣಸಗಿಯ ಹತ್ತಿರದ ಇಸಾಂಪುರಕ್ಕೆ ಕರೆದೊಯ್ಯುತ್ತಿದ್ದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯನವರು ಹುಣಸಗಿ, ಬೈಚಬಾಳ ಕಣಿವೆಗಳಲ್ಲಿ ದಶಕಗಳ ಕಾಲ ಅಲೆದು ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದಲ್ಲಿ ಆದಿಮಾನವರು ಸುಣ್ಣಕಲ್ಲಿನ ಚಪ್ಪಡಿ ಕಿತ್ತು ಕೊಡಲಿ ಮಾಡುತ್ತಿದ್ದ ಜಾಗವೇ ಸಿಕ್ಕಿತು. ಅಲ್ಲಿ ದೊರೆತ ಪ್ರಾಣಿಯ ಹಲ್ಲುಗಳಿಂದ ಅದರ ಕಾಲ ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಲೆಕ್ಕ ಹಾಕಿದ್ದಾರೆ. ಹೊಲದ ಬದುವಿನ ಮೇಲೆ ನಿಂತು ಈ ಮಾತು ಹೇಳಿದಾಗ ಮಕ್ಕಳು ಕಾಲ ಕೆಳಗಿನ ನೆಲವನ್ನು ನೋಡಿಕೊಳ್ಳುತ್ತಿದ್ದ ರೀತಿ ಇದೆಯಲ್ಲ, ಅದನ್ನು ಯಾವ ಪಾಠವೂ ತರಲಾರದು. ಕಲ್ಲು ಎತ್ತಿ ಜೇಬಿಗೆ ಹಾಕಬಾರದೆಂದು ಮೊದಲೇ ಹೇಳಿರುತ್ತಿದ್ದೆ. ನೋಡಿ, ಮುಟ್ಟಿ, ಇದ್ದಲ್ಲೇ ಇಡಬೇಕು.

ಬೂದಿಹಾಳದ ಬೂದಿದಿಬ್ಬವನ್ನೂ ತೋರಿಸುತ್ತಿದ್ದೆ. ನವಶಿಲಾಯುಗದ ದನಗಾಹಿಗಳು ಸಾವಿರಾರು ವರ್ಷಗಳ ಹಿಂದೆ ದನ ಕೂಡಿ, ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿ ಅದು. ಇದನ್ನು ಕೇಳಿ ಚಿಣ್ಣರ ಅಂಗಳದ ಆ ಕುರಿ ಕಾಯುವ ಹುಡುಗನ ಮುಖ ಅರಳಿತು. "ಅಂದ್ರ ಟೀಚರ್, ಅವರೂ ನಮ್ಮಂಗs ದನ ಕಾಯೋರs ಏನ್ರಿ?" ಎಂದ. ಹೌದಪ್ಪ, ನಿಮ್ಮ ಹಾಗೆ ದನ ಕಾಯುವವರೇ ಈ ನಾಡನ್ನು ಮೊದಲು ಊರು ಮಾಡಿದವರು ಎಂದೆ. ಆ ಹುಡುಗ ಜೂನ್‌ನಲ್ಲಿ ಶಾಲೆಗೆ ಸೇರಿದ. ಹತ್ತನೆಯವರೆಗೂ ಓದಿದ. ಈಗ ಅವನ ಮಕ್ಕಳು ಶಾಲೆಯಲ್ಲಿದ್ದಾರೆ.

ಎಲ್ಲ ಮಕ್ಕಳ ಕಥೆಯೂ ಹೀಗೆ ಆಗಲಿಲ್ಲ. ಶಿಬಿರ ಮುಗಿಸಿ ಶಾಲೆಗೆ ಸೇರಿ, ದೀಪಾವಳಿ ಕಳೆಯುತ್ತಲೇ ಮನೆಯವರ ಜೊತೆ ಗುಳೆ ಹೋದ ಮಕ್ಕಳಿದ್ದಾರೆ. ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ, ಮುಂದೆ ಗೀಟು ಎಳೆಯುತ್ತ ಹೋಗಬೇಕು. 2011ರ ಜನಗಣತಿಯಲ್ಲಿ ಇಡೀ ರಾಜ್ಯದಲ್ಲಿ ಸಾಕ್ಷರತೆ ಅತಿ ಕಡಿಮೆ ಇದ್ದ ಜಿಲ್ಲೆ ನಮ್ಮ ಯಾದಗಿರಿ, ಶೇಕಡಾ 52ರ ಹತ್ತಿರ. ರಾಜ್ಯದ ಸರಾಸರಿ 75 ಇತ್ತು. ಆ ಅಂತರದೊಳಗೆ ನನಗೆ ಹೆಸರಿನಿಂದ ಗೊತ್ತಿರುವ ಮಕ್ಕಳಿದ್ದಾರೆ. ಅದಕ್ಕೇ ನಾನು ಶಿಬಿರವನ್ನು ಬರೀ ಮೋಜು ಎನ್ನುವುದಿಲ್ಲ. ಮೋಜು ಇರಲೇಬೇಕು. ಆ ಖುಷಿಯ ನೆನಪಿಗಾಗಿಯೇ ಊರಿಗೆ ಮರಳಿದ ಕೂಡಲೇ ಶಾಲೆಯ ಬಾಗಿಲಿಗೆ ಬಂದು ನಿಂತ ಮಕ್ಕಳನ್ನು ಕಂಡಿದ್ದೇನೆ.

ಈಗ ಪಟ್ಟಣಗಳಲ್ಲಿ ಬೇಸಿಗೆ ಶಿಬಿರದ ಫಲಕಗಳು ಬಹಳ ಕಾಣುತ್ತವೆ. ನಮ್ಮ ಯಾದಗಿರಿ, ಶಹಾಪುರದಲ್ಲೂ ನವೋದಯ, ಮೊರಾರ್ಜಿ ವಸತಿ ಶಾಲೆಗಳ ಪ್ರವೇಶ ಪರೀಕ್ಷೆಯ ಕೋಚಿಂಗನ್ನೇ ಶಿಬಿರ ಎಂದು ಕರೆಯುತ್ತಿದ್ದಾರೆ. ಬಡ ಮನೆಯ ಮಗುವಿಗೆ ಆ ಪರೀಕ್ಷೆ ಎಷ್ಟು ದೊಡ್ಡದೆಂದು ನನಗೆ ಗೊತ್ತು, ಬೇಡವೆನ್ನಲಾರೆ. ಆದರೆ ಅದು ಶಿಬಿರವಲ್ಲ. ಮಗು ತನ್ನ ತಟ್ಟೆ ತಾನು ತೊಳೆಯದ, ಬೇರೆ ಮನೆಯ ರೊಟ್ಟಿ ತಿನ್ನದ, ಒಂದು ರಾತ್ರಿಯಾದರೂ ಬೇರೆ ಮಕ್ಕಳ ಸಾಲಿನಲ್ಲಿ ಮಲಗದ ಶಿಬಿರವನ್ನು ಶಿಬಿರವೆನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಮೈಸೂರಿನ ರಂಗಾಯಣದವರು ವರ್ಷ ವರ್ಷ ನಡೆಸುವ ಚಿಣ್ಣರ ಮೇಳದಲ್ಲಿ ಮಕ್ಕಳು ತಾವೇ ಮುಖವಾಡ ಮಾಡಿ, ಹಾಡು ಕಟ್ಟಿ, ನಾಟಕ ಆಡುತ್ತಾರೆ. ಕಲಬುರಗಿಯಲ್ಲೂ ರಂಗಾಯಣ ಬಂದ ಮೇಲೆ ನಮ್ಮ ಕಡೆಯ ಮಕ್ಕಳಿಗೂ ಆ ಬಾಗಿಲು ತೆರೆದಿದೆ. ಅಂಥವು ತಾಲೂಕಿಗೊಂದು ಆಗಬೇಕು. ಸುರಪುರದಲ್ಲಿ ಗರುಡಾದ್ರಿ ಚಿತ್ರಕಲೆಯ ಪರಂಪರೆ ಇದೆ, ಬಯಲಾಟದ ಮೇಳಗಳಿವೆ, ನಮ್ಮ ಮುದನೂರು ವಚನಕಾರ ದೇವರ ದಾಸಿಮಯ್ಯನ ಊರು. ಮಕ್ಕಳಿಗೆ ಹೇಳಿಕೊಡಲು ನಾವು ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ.

ಕಡಿಮೆ ಇರುವುದು ಅಣ್ಣ ಅಕ್ಕಂದಿರು. ಈಚಿನ ವರ್ಷಗಳಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳನ್ನು ಅರಿವು ಕೇಂದ್ರಗಳೆಂದು ಮಾಡಿ, ಅಲ್ಲಿ ಮಕ್ಕಳಿಗೆ ಉಚಿತ ಬೇಸಿಗೆ ಶಿಬಿರ ನಡೆಸುತ್ತಿದ್ದಾರೆ. ಪುಸ್ತಕಗಳಿವೆ, ಜಾಗವಿದೆ, ಗ್ರಂಥಪಾಲಕರಿದ್ದಾರೆ. ಒಬ್ಬರೇ ಅಷ್ಟೂ ಮಕ್ಕಳನ್ನು ಹೇಗೆ ಹಿಡಿದು ಕೂರಿಸಬೇಕು? ಪಿಯುಸಿ ಬರೆದು ಫಲಿತಾಂಶಕ್ಕೆ ಕಾಯುತ್ತಿರುವ ತಮ್ಮಂದಿರೇ, ತಂಗಿಯರೇ, ಡಿಗ್ರಿ ಓದುತ್ತ ರಜೆಗೆ ಊರಿಗೆ ಬಂದವರೇ, ಬೆಳಿಗ್ಗೆ ಬಿಸಿಲೇರುವ ಮೊದಲಿನ ಎರಡು ತಾಸು ನಿಮ್ಮೂರಿನ ಮಕ್ಕಳಿಗೆ ಕೊಡಿ. ನಿಮಗೆ ಗೊತ್ತಿರುವ ಒಂದು ಆಟ ಆಡಿಸಿ, ಒಂದು ಕಥೆ ಓದಿ ಹೇಳಿ, ಒಂದು ಹಾಡು ಕಲಿಸಿ. ಹೆಣ್ಣುಮಕ್ಕಳನ್ನು ಕಳಿಸಲು ಹಿಂಜರಿಯುವ ಮನೆಗಳ ಕಟ್ಟೆಯ ಮೇಲೆ ಹೋಗಿ ಕುಳಿತು ಮಾತಾಡಿ. ಅಜ್ಜಿಯಂದಿರೇ, ಯಾರಾದರೂ ಬಂದು ಕೇಳಿದರೆ ಮೊಮ್ಮಕ್ಕಳನ್ನು ಕಳಿಸಿಕೊಡಿ, ನೀವೂ ಒಂದು ದಿನ ಹೋಗಿ ಬೀಸುವ ಪದ ಹೇಳಿಕೊಟ್ಟು ಬನ್ನಿ. ನಿಮ್ಮ ಪಂಚಾಯಿತಿಯಲ್ಲಿ ಶಿಬಿರ ಯಾವಾಗ ಎಂದು ಈ ವಾರವೇ ಅರಿವು ಕೇಂದ್ರಕ್ಕೆ ಹೋಗಿ ಕೇಳಿ, ನಿಮ್ಮ ಹೆಸರು ಬರೆಸಿ.